ಪ್ಯಾಲೆಟ್ ಹಲಗೆ, ತಾತನ ಮಂಚ

ಭಾನುವಾರ ಕೋಳಿ ಕೂಗುವ ಮೊದಲೇ ಬೆಂಗಳೂರಿನ ಕಾರುಗಳು ಹೊಸಕೋಟೆಗೆ ಸಾಲುಗಟ್ಟಿ ಬರುವುದು ದಮ್ ಬಿರಿಯಾನಿಗಾಗಿ. ಆ ಗದ್ದಲ ಇಳಿದು ಬಿಸಿಲೇರುವ ಹೊತ್ತಿಗೆ ಊರಾಚೆಯ ಗುಜರಿ ಷೆಡ್ಡುಗಳ ಮುಂದೆ ಬೇರೆಯದೇ ಗಿರಾಕಿಗಳು ಕಾಣಿಸುತ್ತಾರೆ. ಅಲ್ಲಿ ಆಳೆತ್ತರಕ್ಕೆ ಪೇರಿಸಿಟ್ಟ ಪ್ಯಾಲೆಟ್‌ಗಳು, ಯಂತ್ರದ ಬಿಡಿಭಾಗ ಹೊತ್ತು ಬಂದಿದ್ದ ಮರದ ಪೆಟ್ಟಿಗೆಗಳು, ಬಿಚ್ಚಿ ಕಟ್ಟು ಕಟ್ಟಿದ ಹಲಗೆಗಳು. ಬಂದವನು ಒಂದು ಹಲಗೆ ಎತ್ತಿ, ಒಂದು ಕಣ್ಣು ಮುಚ್ಚಿ, ಅದರ ಅಂಚಿನುದ್ದಕ್ಕೂ ನೋಟ ಹಾಯಿಸುತ್ತಾನೆ. ಸೊಟ್ಟಗಿದ್ದರೆ ವಾಪಸ್ ರಾಶಿಗೆ, ನೆಟ್ಟಗಿದ್ದರೆ ಪಕ್ಕಕ್ಕೆ. ಮೂಗಿನ ಹತ್ತಿರ ಹಿಡಿದರೆ ರಾಳದ ವಾಸನೆ ಇನ್ನೂ ಹೋಗಿರುವುದಿಲ್ಲ.

ಚಪ್ಪಲಿ ಸ್ಟ್ಯಾಂಡ್, ಮಕ್ಕಳು ಓದಲು ಕೂರುವ ಮೇಜು, ತಾರಸಿಯ ಬೆಂಚು, ಗೋಡೆಗೆ ಹೊಡೆಯುವ ಪುಸ್ತಕದ ಹಲಗೆ: ಹೀಗೆ ಏನೋ ಒಂದು ಲೆಕ್ಕ ಇಟ್ಟುಕೊಂಡೇ ಜನ ಬರುತ್ತಾರೆ. ಅಂಗಡಿಯ ಪೀಠೋಪಕರಣದ ಬೆಲೆ ಕೇಳಿ ಬೆಚ್ಚಿದವರು ಕೆಲವರು, ಫೋನಿನಲ್ಲಿ ವಿಡಿಯೊ ನೋಡಿ ಕೈ ತುರಿಸಿದವರು ಇನ್ನು ಕೆಲವರು. ವಿಡಿಯೊದಲ್ಲಿ ಹತ್ತು ನಿಮಿಷಕ್ಕೆ ಮುಗಿದ ಬೆಂಚು ಮನೆಯಲ್ಲಿ ದಸರೆಯಿಂದ ಯುಗಾದಿಯವರೆಗೂ ಮೂರು ಕಾಲಿನ ಮೇಲೇ ನಿಂತಿರುವುದೂ ಉಂಟು.

ಮನೆಯಲ್ಲೇ ಮರದ ಕೆಲಸ ಮಾಡಿಕೊಂಡರೆ ದುಡ್ಡು ಉಳಿಯುತ್ತದೆಯೇ? ಉಳಿಯುತ್ತದೆ, ಆದರೆ ಜನ ಅಂದುಕೊಂಡ ಜಾಗದಲ್ಲಿ ಅಲ್ಲ. ಉಳಿತಾಯವೋ ನಷ್ಟವೋ ಎಂಬುದು ಗರಗಸ ಹಿಡಿಯುವ ಮೊದಲೇ ತೀರ್ಮಾನವಾಗಿರುತ್ತದೆ. ಮರ ಯಾವುದು, ಎಲ್ಲಿಂದ ಬಂತು, ಒಣಗಿದೆಯೋ ಇಲ್ಲವೋ ಎನ್ನುವುದೇ ಅದರ ಬುಡ.

ಲಾರಿಯಲ್ಲಿ ಬಂದ ಮರ

ಹೊಸಕೋಟೆ ಕಾಡಿನ ಸೀಮೆಯಲ್ಲ. ರಾಗಿ, ರೇಷ್ಮೆ, ತರಕಾರಿ, ಕೆರೆಗಳ ಬಯಲು ನಾಡು. ಇಲ್ಲಿಗೆ ಪ್ಯಾಲೆಟ್‌ಗಳ ಪೈನ್ ಮರ ಬಂದದ್ದು ಕಾರ್ಖಾನೆಗಳ ಬೆನ್ನು ಹತ್ತಿ. 1998ರಲ್ಲಿ ವೋಲ್ವೊ ಕಂಪನಿ ತಾಲ್ಲೂಕಿನಲ್ಲಿ ಲಾರಿ ಕಾರ್ಖಾನೆ ತೆರೆಯಿತು. ಪಿಳ್ಳಗುಂಪೆ ಕೈಗಾರಿಕಾ ಪ್ರದೇಶ ಬೆಳೆಯಿತು, ಕೋಲಾರದ ದಿಕ್ಕಿಗೆ ನರಸಾಪುರ ಎದ್ದಿತು. ರಾಷ್ಟ್ರೀಯ ಹೆದ್ದಾರಿ 75, ದೊಡ್ಡಬಳ್ಳಾಪುರದಿಂದ ಬರುವ ಉಪನಗರ ವರ್ತುಲ ರಸ್ತೆ, ಚೆನ್ನೈ ಎಕ್ಸ್‌ಪ್ರೆಸ್‌ವೇ ಮೂರೂ ಕೂಡುವ ಜಾಗವಾದ್ದರಿಂದ ಸುತ್ತ ಗೋದಾಮುಗಳೂ ಬಂದವು. ಸರಕು ಒಳಗೆ ಹೋಗುತ್ತದೆ, ಅದನ್ನು ಹೊತ್ತು ತಂದ ಮರ ಹೊರಗೆ ಬೀಳುತ್ತದೆ. ಮೊದಲು ಇದರಲ್ಲಿ ಎಷ್ಟೋ ಪಾಲು ಒಲೆಗೆ, ಇಟ್ಟಿಗೆ ಗೂಡಿಗೆ ಹೋಗುತ್ತಿತ್ತು. ಈಗ ಗಿರಾಕಿ ಹಲಗೆ ಆರಿಸುತ್ತಾನೆ, ಷೆಡ್ಡಿನವನೂ ಬೆಲೆ ಕಲಿತಿದ್ದಾನೆ.

ಸಾಗಣೆ ಪೆಟ್ಟಿಗೆಯ ಮರದಲ್ಲಿ ಪೀಠೋಪಕರಣ ಮಾಡುವುದು ಇವತ್ತಿನ ಹುಚ್ಚೇನಲ್ಲ. ಹಾಲೆಂಡಿನ ಪ್ರಸಿದ್ಧ ವಾಸ್ತುಶಿಲ್ಪಿ ಗೆರಿಟ್ ರೀಟ್‌ವೆಲ್ಡ್ 1930ರ ದಶಕದ ಆರ್ಥಿಕ ಕುಸಿತದ ದಿನಗಳಲ್ಲಿ ಇಂಥ ಪೆಟ್ಟಿಗೆಗಳ ಅಗ್ಗದ ಹಲಗೆಯಿಂದಲೇ ಕುರ್ಚಿ, ಮೇಜುಗಳನ್ನು ವಿನ್ಯಾಸ ಮಾಡಿದ. ಬಿಡಿ ಹಲಗೆಗಳಾಗಿ ಮಾರಿ, ಕೊಂಡವರೇ ಜೋಡಿಸಿಕೊಳ್ಳಲಿ ಎಂದು ಬಿಟ್ಟ. ಸ್ಕ್ರೂ ತಲೆ ಕಂಡರೂ ಮುಚ್ಚಲಿಲ್ಲ. ಆ ಕುರ್ಚಿಗಳು ಈಗ ವಸ್ತುಸಂಗ್ರಹಾಲಯಗಳಲ್ಲಿವೆ.

ಹಲಗೆಯ ಮೇಲಿನ ಮುದ್ರೆ

ಪ್ಯಾಲೆಟ್ ಕೊಳ್ಳುವವರು ಮೊದಲು ನೋಡಬೇಕಾದ್ದು ಅದರ ಪಕ್ಕದ ದಿಮ್ಮಿಯ ಮೇಲೆ ಸುಟ್ಟೋ ಬಣ್ಣದಲ್ಲೋ ಒತ್ತಿರುವ ಮುದ್ರೆಯನ್ನು. ಒಂದು ಕಡೆ ಗೋಧಿ ತೆನೆಯ ಚಿತ್ರ. ಇನ್ನೊಂದು ಕಡೆ ದೇಶದ ಎರಡಕ್ಷರ, ತಯಾರಕರ ಸಂಖ್ಯೆ, ಕೊನೆಯಲ್ಲಿ 'ಎಚ್‌ಟಿ' ಅಥವಾ 'ಎಂಬಿ'.

ಒಂದು ದೇಶದ ಮರದಲ್ಲಿ ಅಡಗಿ ಕೂತ ಹುಳ ಇನ್ನೊಂದು ದೇಶದ ಕಾಡನ್ನೇ ತಿಂದು ಹಾಕಿದ ಉದಾಹರಣೆಗಳಿವೆ. ಅದಕ್ಕೆಂದೇ 2002ರಲ್ಲಿ ಅಂತರರಾಷ್ಟ್ರೀಯ ಸಸ್ಯ ಸಂರಕ್ಷಣಾ ಒಪ್ಪಂದದ ಅಡಿಯಲ್ಲಿ ಒಂದು ನಿಯಮ ಬಂತು. ಗಡಿ ದಾಟುವ ಸರಕಿನ ಮರದ ಪ್ಯಾಕಿಂಗನ್ನು ಮೊದಲೇ ಹುಳಮುಕ್ತ ಮಾಡಿ ಮುದ್ರೆ ಹಾಕಬೇಕು. 'ಎಚ್‌ಟಿ' ಎಂದರೆ ಬಿಸಿ ಮಾಡಿದ್ದು: ಹಲಗೆಯ ತಿರುಳೇ 56 ಡಿಗ್ರಿ ಸೆಲ್ಸಿಯಸ್ ತಲುಪಿ 30 ನಿಮಿಷ ಅಷ್ಟರಲ್ಲೇ ಇರಬೇಕು. 'ಎಂಬಿ' ಎಂದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲದ ಹೊಗೆ ಕೊಟ್ಟದ್ದು.

ಮನೆಯೊಳಗೆ, ಅದರಲ್ಲೂ ಮಕ್ಕಳ ಕೋಣೆಗೆ 'ಎಚ್‌ಟಿ' ಇರುವುದನ್ನೇ ಆರಿಸಿ. 'ಎಂಬಿ' ಇರುವುದನ್ನು ಬಿಟ್ಟುಬಿಡಿ. ಅಗ್ಗಕ್ಕೆ ಸಿಗುತ್ತದೆಂದು ಅದನ್ನು ಕೊಳ್ಳಬೇಕಾದ ಬಡತನ ಹಲಗೆಗೇನೂ ಬಂದಿಲ್ಲ. ಮುದ್ರೆಯೇ ಇಲ್ಲದ್ದು ಬಹುಪಾಲು ಇಲ್ಲಿಯದೇ ಮರ. ಕೆಟ್ಟದ್ದೇನಲ್ಲ, ಆದರೆ ಶುದ್ಧಿ ಮಾಡಿರುವುದಿಲ್ಲ. ಮುದ್ರೆ ಇರಲಿ ಬಿಡಲಿ, ಎಣ್ಣೆ ಕುಡಿದ ಕಲೆ, ಔಷಧಿಯ ವಾಸನೆ ಇದ್ದ ಹಲಗೆ ಬೇಡ. ಅದರ ಮೇಲೆ ಏನು ಚೆಲ್ಲಿತ್ತೋ ಯಾರಿಗೂ ತಿಳಿಯದು. ನೀಲಿ ಬಣ್ಣ ಬಳಿದ ಪ್ಯಾಲೆಟ್‌ಗಳನ್ನೂ ಮುಟ್ಟಬೇಡಿ. ಅವು ಸಾಮಾನ್ಯವಾಗಿ ಬಾಡಿಗೆ ಕಂಪನಿಗಳ ಸೊತ್ತು, ಮಾರುವ ಹಕ್ಕು ಷೆಡ್ಡಿನವನಿಗಿಲ್ಲ.

ಇನ್ನೊಂದು ಮಾತು. 'ಎಚ್‌ಟಿ' ಮುದ್ರೆ ಇದ್ದರೆ ಮುಂದೆಯೂ ಗೆದ್ದಲು ಹಿಡಿಯುವುದಿಲ್ಲ ಎಂದಲ್ಲ. ಆ ದಿನ ಒಳಗಿದ್ದ ಹುಳ ಸತ್ತಿವೆ, ಅಷ್ಟೇ.

ಮೊಳೆಯ ಜತೆ ಗುದ್ದಾಟ

ಯುರೋಪಿನ ಮಾದರಿ ಪ್ಯಾಲೆಟ್ 1,200 ಮಿಲಿಮೀಟರ್ ಉದ್ದ, 800 ಅಗಲ. ಹನ್ನೊಂದು ಹಲಗೆ, ಒಂಬತ್ತು ದಿಮ್ಮಿ, 78 ಮೊಳೆ. ಮೇಲಿನ ಐದು ಹಲಗೆಗಳು ಅಷ್ಟೂ ಸೀಳದೆ ಬಂದರೆ ಎರಡಡಿ ಅಗಲ, ನಾಲ್ಕಡಿಗೆ ಒಂಚೂರು ಕಮ್ಮಿ ಉದ್ದದ ಮೇಜಿನ ತಲೆ ಆಗುತ್ತದೆ. ಆದರೆ ಅಷ್ಟೂ ಸೀಳದೆ ಬರುವುದಿಲ್ಲ. ಹಾಗಾಗಿ ಒಂದು ಮೇಜಿಗೆ ಎರಡು ಪ್ಯಾಲೆಟ್ ತರುವುದೇ ಲೇಸು.

ಸೀಳುವುದು ಯಾಕೆಂದರೆ ಇವು ನಮ್ಮ ಅಂಗಡಿಯ ನುಣುಪು ಮೊಳೆಗಳಲ್ಲ. ಮೈಗೆಲ್ಲ ಸುರುಳಿ ಇಲ್ಲವೇ ಬಳೆಯಂಥ ಗೀರು ಇರುತ್ತದೆ. ಲಾರಿಯ ಕುಲುಕಾಟಕ್ಕೂ ಜಗ್ಗದಂತೆ ಮಾಡಿದ ಮೊಳೆ ಸುತ್ತಿಗೆಯ ಹಿಂಬದಿಯ ಕೊಂಡಿಗೆ ಬಗ್ಗುವುದುಂಟೆ? ಹಲಗೆ ಎತ್ತಿದರೆ ಮೊಳೆ ಅಲ್ಲೇ ನಿಂತು ಮರವೇ ಹರಿದು ಬರುತ್ತದೆ. ಅನುಭವಸ್ಥರು ಮೊಳೆಯನ್ನು ಕೀಳುವುದಿಲ್ಲ, ಕತ್ತರಿಸುತ್ತಾರೆ. ಹಲಗೆಗೂ ದಿಮ್ಮಿಗೂ ನಡುವೆ ಚಪ್ಪಟೆ ಕಬ್ಬಿಣ ತೂರಿಸಿ ಕೂದಲೆಳೆಯಷ್ಟು ಸಂದು ಮಾಡಿ, ಅದರೊಳಗೆ ಕಬ್ಬಿಣ ಕೊಯ್ಯುವ ಹ್ಯಾಕ್ಸಾ ಬ್ಲೇಡು ಆಡಿಸಿದರೆ ಮೊಳೆ ಎರಡು ತುಂಡು. ತಲೆ ಹಲಗೆಯಲ್ಲೇ ಉಳಿಯುತ್ತದೆ, ಹಿಂದಿನಿಂದ ಸಣ್ಣ ಉಳಿಪಂಚು ಇಟ್ಟು ತಟ್ಟಿದರೆ ಹೊರಬೀಳುತ್ತದೆ. ಉಳಿದ ಕಂದು ತೂತನ್ನು ಮುಚ್ಚಬೇಕೋ ಬಿಡಬೇಕೋ ನಿಮ್ಮ ರುಚಿ. ನನಗೆ ಬಿಟ್ಟರೇ ಚೆಂದ.

ಒಂದೇ ಒಂದು ಮೊಳೆ ತುಂಡು ಒಳಗೆ ಉಳಿದರೂ ಮಿಲ್ಲಿನವರು ನಿಮ್ಮ ಹಲಗೆಗೆ ಯಂತ್ರದ ತೋಪಡ ಹೊಡೆದುಕೊಡಲು ಒಪ್ಪುವುದಿಲ್ಲ. ಬ್ಲೇಡು ಹೋದರೆ ಅವರ ಒಂದು ದಿನದ ದುಡಿಮೆಯೇ ಹೋಗುತ್ತದೆ. ದಾರಕ್ಕೆ ಕಟ್ಟಿದ ಅಯಸ್ಕಾಂತವನ್ನು ಹಲಗೆಯ ಮೇಲೆ ನಿಧಾನ ಸರಿಸಿ ಪರೀಕ್ಷಿಸಿಯೇ ಒಯ್ಯಿರಿ.

ಬದುವಿನ ಸಿಲ್ವರ್ ಓಕ್

ಪ್ಯಾಲೆಟ್ ಬೇಡ ಎನ್ನುವವರಿಗೆ ಊರಿನದೇ ಮರ ಇದೆ. ಹೊಸಕೋಟೆಯಿಂದ ದೇವನಹಳ್ಳಿ, ದೊಡ್ಡಬಳ್ಳಾಪುರದವರೆಗೆ ಹೊಲದ ಬದುಗಳಲ್ಲಿ ನೆಟ್ಟಗೆ ನಿಂತ ಸಿಲ್ವರ್ ಓಕ್ ನೋಡಿರುತ್ತೀರಿ. ಆಸ್ಟ್ರೇಲಿಯಾ ಮೂಲದ ಈ ಮರ ಕೊಡಗು, ಚಿಕ್ಕಮಗಳೂರಿನಲ್ಲಿ ಕಾಫಿಗೆ ನೆರಳು, ನಮ್ಮಲ್ಲಿ ರೈತನಿಗೆ ನಿಂತ ಠೇವಣಿ. ಹಗುರ, ಕೊಯ್ಯಲು ಸುಲಭ, ಅಡ್ಡಸೀಳಿನಲ್ಲಿ ಹೊಳೆಯುವ ಚುಕ್ಕೆಗಳ ಚೆಂದವೂ ಉಂಟು. ಪ್ಲೈವುಡ್ಡಿನ ಹೊಟ್ಟೆಗೂ ಪ್ಯಾಕಿಂಗ್ ಪೆಟ್ಟಿಗೆಗೂ ಹೋಗುವ ಮರವೆಂದು ಇದನ್ನು ಕೀಳಾಗಿ ಕಾಣುವವರಿದ್ದಾರೆ. ಚೆನ್ನಾಗಿ ಒಣಗಿಸಿದರೆ ಕಪಾಟು, ಮೇಜಿಗೆ ಏನೂ ಮೋಸವಿಲ್ಲ. ಕೆಲವರಿಗೆ ಇದರ ಹಸಿ ಹೊಟ್ಟು ತಾಗಿ ಮೈ ತುರಿಸುತ್ತದೆ, ಉದ್ದ ತೋಳಿನ ಅಂಗಿ ಹಾಕಿಕೊಳ್ಳಿ.

ನೀಲಗಿರಿ ಇದಕ್ಕಿಂತ ಗಟ್ಟಿ, ಆದರೆ ಮೊಂಡ. ಒಣಗುವಾಗ ತಿರುಚುತ್ತದೆ, ಸೀಳುತ್ತದೆ. ಸೆಂಟ್ರಿಂಗ್ ಕಂಬಕ್ಕೆ ಅದು ಸರಿ, ಮೇಜಿನ ತಲೆಗೆ ಬೇಡ. ಅಂತರ್ಜಲದ ಚಿಂತೆಯಿಂದ 2017ರಲ್ಲಿ ರಾಜ್ಯ ಸರ್ಕಾರ ನೀಲಗಿರಿ ಹೊಸದಾಗಿ ನೆಡುವುದನ್ನು ನಿಷೇಧಿಸಿತು. ಹಳೆಯ ತೋಪುಗಳು ಬೀಳುವಾಗ ಅಗ್ಗವಾಗಿ ಸಿಗುತ್ತದೆಂದು ಆಸೆಪಟ್ಟು ತಂದವರ ಅನುಭವ ಕೇಳಿ ನೋಡಿ.

ಹಲಸು ಬೇರೆ ದರ್ಜೆ. ಕೊಯ್ದಾಗ ಅರಿಸಿನದ ಬಣ್ಣ, ವರ್ಷ ಕಳೆದಂತೆ ಜೇನುಗಂದು. ವೀಣೆಯ ಕೊಡಕ್ಕೆ ಇದನ್ನೇ ಬಳಸುತ್ತಾರೆ. ಬೇವಿಗೆ ಹುಳ ಅಷ್ಟಾಗಿ ಬರುವುದಿಲ್ಲ. ಮಾವು ಅಗ್ಗ, ಆದರೆ ಹುಳಕ್ಕೆ ಬಲು ಪ್ರೀತಿ.

ಮರ ಕಡಿಯುವ ಮುನ್ನ ಕಾನೂನು ಗೊತ್ತಿರಲಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಸಿಲ್ವರ್ ಓಕ್, ನೀಲಗಿರಿ, ಸರ್ವೆ, ತೆಂಗು, ಸುಬಾಬುಲ್ ಮುಂತಾದವನ್ನು ಅನುಮತಿಯ ಗೋಜಿನಿಂದ ಬಿಟ್ಟಿದೆ. ಆ ಪಟ್ಟಿಯಲ್ಲಿಲ್ಲದ ಮರ ನಿಮ್ಮ ಹಿತ್ತಲಿನದೇ ಆದರೂ ವೃಕ್ಷ ಅಧಿಕಾರಿಯ ಒಪ್ಪಿಗೆ ಬೇಕು. ತೇಗ, ಬೀಟೆ, ಶ್ರೀಗಂಧದ ಸುದ್ದಿಗೆ ಕಾಗದಪತ್ರವಿಲ್ಲದೆ ಹೋಗಲೇಬೇಡಿ.

ಮಿಲ್ಲಿನಲ್ಲಿ ಲೆಕ್ಕ ನಡೆಯುವುದು ಘನ ಅಡಿಯಲ್ಲಿ, ಅವರ ಬಾಯಲ್ಲಿ 'ಸಿಎಫ್‌ಟಿ'. ಉದ್ದವನ್ನು ಅಡಿಯಲ್ಲಿ, ಅಗಲ ಮತ್ತು ದಪ್ಪವನ್ನು ಅಂಗುಲದಲ್ಲಿ ಬರೆದು ಮೂರನ್ನೂ ಗುಣಿಸಿ 144ರಿಂದ ಭಾಗಿಸಿ. ಎಂಟಡಿ ಉದ್ದ, ಒಂಬತ್ತಂಗುಲ ಅಗಲ, ಒಂದಂಗುಲ ದಪ್ಪದ ಹಲಗೆ ಅರ್ಧ ಘನ ಅಡಿ. ದರ ಒಪ್ಪಿಕೊಳ್ಳುವ ಮೊದಲು ಒಂದು ಪ್ರಶ್ನೆ ಕೇಳಿ: ಈ ಅಳತೆ ತೋಪಡ ಹೊಡೆಯುವ ಮುಂಚಿನದೋ ಆಮೇಲಿನದೋ? ಮುಂಚಿನದಕ್ಕೆ ದುಡ್ಡು ಕೊಟ್ಟು ಮನೆಗೆ ತರುವ ಒಂದಂಗುಲದ ಹಲಗೆ ಮುಕ್ಕಾಲಂಗುಲವಾಗಿರುತ್ತದೆ. ಇದರಲ್ಲಿ ಮೋಸವಿಲ್ಲ, ದಂಧೆಯ ಪದ್ಧತಿ. ಗೊತ್ತಿಲ್ಲದವರ ಮೇಜು ಮಾತ್ರ ತೆಳ್ಳಗಾಗುತ್ತದೆ.

ಹಳೆ ಮನೆ ಕೆಡವಿದ ತೊಲೆ, ಜಂತೆ, ಕದ ಕೊಳ್ಳುವವರಿಗೆ ಮರ ಯಾವುದೆಂಬ ಗೊಂದಲ ಸಹಜ. ತೇಗವೆಂದು ಹೇಳಿ ಇನ್ನೇನನ್ನೋ ಮಾರುವವರಿದ್ದಾರೆ. ದೊಡ್ಡ ಮೊತ್ತದ ವ್ಯವಹಾರವಾದರೆ ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ. 1938ರಲ್ಲಿ ಮೈಸೂರು ಸಂಸ್ಥಾನದ ಕಾಲದಲ್ಲಿ ಅರಣ್ಯ ಸಂಶೋಧನಾ ಪ್ರಯೋಗಾಲಯವಾಗಿ ಶುರುವಾದದ್ದು. ಮರದ ಸಣ್ಣ ತುಂಡು ಕೊಟ್ಟು, ಶುಲ್ಕ ಕಟ್ಟಿದರೆ ಜಾತಿ ಗುರುತಿಸಿ ಹೇಳುತ್ತಾರೆ.

ಹಸಿ ಮರದ ಸೇಡು

ಅಗ್ಗದ ಪೀಠೋಪಕರಣ ಕೆಡುವುದಕ್ಕೆ ಮೊದಲ ಕಾರಣ ಕೆಟ್ಟ ಕೆಲಸವಲ್ಲ, ಹಸಿ ಮರ. ಹೊಸ ಮೇಜು ಮಾಘದಲ್ಲಿ ಮನೆಗೆ ಬಂದು ಯುಗಾದಿಯ ಹೊತ್ತಿಗೆ ನಡುವೆ ಬಾಯಿ ಬಿಟ್ಟಿತು ಎಂದರೆ ಬಡಗಿಯನ್ನು ಬೈಯುವ ಮೊದಲು ಹಲಗೆ ಒಣಗಿತ್ತೇ ಎಂದು ಕೇಳಬೇಕು.

ಮರ ಕಡಿದ ಮೇಲೂ ಗಾಳಿಯ ಜತೆ ಕೊಡುಕೊಳ್ಳುವುದನ್ನು ನಿಲ್ಲಿಸುವುದಿಲ್ಲ. ಗಾಳಿ ಒಣಗಿದರೆ ತನ್ನ ತೇವ ಬಿಟ್ಟು ಕುಗ್ಗುತ್ತದೆ, ತೇವವಾದರೆ ಕುಡಿದು ಹಿಗ್ಗುತ್ತದೆ. ಮಳೆಗಾಲದಲ್ಲಿ ಬಚ್ಚಲಿನ ಕದ ಹಾಕಿಕೊಳ್ಳದೆ ಬೇಸಿಗೆಯಲ್ಲಿ ಸಡಿಲವಾಗುವುದು ಇದರಿಂದಲೇ. ಈ ಕುಗ್ಗುವಿಕೆ ಹಲಗೆಯ ಉದ್ದಕ್ಕೆ ಇಲ್ಲವೆನ್ನುವಷ್ಟು ಕಡಿಮೆ, ಅಗಲಕ್ಕೇ ಹೆಚ್ಚು. ಅಗಲದಲ್ಲೂ ಬೆಳವಣಿಗೆಯ ಉಂಗುರಗಳ ಸುತ್ತಿನ ದಿಕ್ಕಿನಲ್ಲಿ ಕುಗ್ಗುವುದು, ತಿರುಳಿನಿಂದ ತೊಗಟೆಯ ಕಡೆಗೆ ಕುಗ್ಗುವುದರ ಸುಮಾರು ಇಮ್ಮಡಿ. ಎರಡು ದಿಕ್ಕಿನಲ್ಲಿ ಎರಡು ಲೆಕ್ಕ ನಡೆದಾಗ ಹಲಗೆ ಕಾದ ಹೆಂಚಿನ ಮೇಲಿನ ಹಪ್ಪಳದಂತೆ ಮಡಿಚಿಕೊಳ್ಳುತ್ತದೆ.

ಹೊಸಕೋಟೆಯ ಕಡೆ ಮಳೆಯ ಜೋರು ಆಗಸ್ಟಿನಿಂದ ಅಕ್ಟೋಬರ್‌ವರೆಗೆ. ಶಿವರಾತ್ರಿ ಕಳೆದ ಮೇಲೆ ಗಾಳಿ ಒಣಗುತ್ತದೆ. ಮಳೆಗಾಲ ಮುಗಿದ ಕೂಡಲೇ ಹಲಗೆ ಪೇರಿಸಿಟ್ಟರೆ ಒಣಹವೆಯ ತಿಂಗಳುಗಳಷ್ಟೂ ನಿಮ್ಮ ಪಾಲಿಗೆ. ನೆರಳಿರಲಿ, ಗಾಳಿ ಆಡಲಿ, ನೆಲದಿಂದ ಒಂದಡಿ ಮೇಲಿರಲಿ. ಹಲಗೆಗೂ ಹಲಗೆಗೂ ನಡುವೆ ಎರಡಡಿಗೊಂದರಂತೆ ಒಂದೇ ದಪ್ಪದ ರೀಪಿನ ತುಂಡುಗಳನ್ನು ಒಂದರ ಮೇಲೊಂದು ನೇರಕ್ಕೆ ಬರುವಂತೆ ಇಡಿ. ಎರಡು ತುದಿಗೂ ಮನೆಯಲ್ಲಿ ಮಿಕ್ಕ ಬಣ್ಣ ಬಳಿಯಿರಿ. ತೇವ ತುದಿಯಿಂದ ಬೇಗ ಹೋಗಿ ಸೀಳು ಬಿಡುವುದು ಅಲ್ಲೇ. ಮೇಲೆ ಭಾರಕ್ಕೆ ನಾಲ್ಕು ಸೈಜುಗಲ್ಲು ಹೇರಿ.

ಒಣಗಿತೆಂದು ತಿಳಿಯುವುದು ಹೇಗೆ? ತೇವಾಂಶ ಅಳೆಯುವ ಯಂತ್ರ ಬೇಡ, ಅಡುಗೆಮನೆಯ ತಕ್ಕಡಿ ಸಾಕು. ಅದೇ ರಾಶಿಯಿಂದ ಒಂದು ಗೇಣು ತುಂಡು ಕೊಯ್ದು ತೂಕ ಬರೆದಿಡಿ. ವಾರಕ್ಕೊಮ್ಮೆ ತೂಗಿ. ತೂಕ ಇಳಿಯುವುದು ನಿಂತ ಮೇಲೆ ಮರ ಕೆಲಸಕ್ಕೆ ಬಂತು.

ಒಣಗಿದ ಮೇಲೂ ಮರ ಅಲ್ಪಸ್ವಲ್ಪ ಉಸಿರಾಡುತ್ತಲೇ ಇರುತ್ತದೆ. ಅದಕ್ಕೇ ಬಲ್ಲ ಬಡಗಿ ಮೇಜಿನ ತಲೆಯನ್ನು ಕೆಳಗಿನ ಚೌಕಟ್ಟಿಗೆ ಅಂಟು ಹಾಕಿ ಬಿಗಿಯುವುದಿಲ್ಲ. ಸ್ಕ್ರೂ ಹೋಗುವ ತೂತನ್ನು ಅಗಲದ ದಿಕ್ಕಿಗೆ ಉದ್ದುದ್ದ ಕೊರೆದು, ಹಲಗೆ ಸರಿದಾಡಲು ಜಾಗ ಬಿಡುತ್ತಾನೆ.

ಹುಳ ಬಿದ್ದರೆ

ಮಂಚದ ಕೆಳಗೆ ಬೆಳಿಗ್ಗೆ ಎದ್ದು ನೋಡಿದರೆ ಗೋಧಿಹಿಟ್ಟಿನಂಥ ನಯವಾದ ಪುಡಿ, ಕಾಲಿನಲ್ಲಿ ಗುಂಡುಸೂಜಿ ತೂರುವಷ್ಟು ತೂತು. ಇದು ಗೆದ್ದಲಲ್ಲ, ಮರ ಕೊರೆಯುವ ಹುಳ. ಮರದ ಬಿಳಿ ಭಾಗದ ಪಿಷ್ಟ ಅದರ ಆಹಾರ. ಕೆಚ್ಚಿಗೆ ಅಷ್ಟಾಗಿ ಬಾಯಿ ಹಾಕುವುದಿಲ್ಲ.

ಮನೆಯೊಳಗಿನ ಮರಕ್ಕೆ ಅಗ್ಗದ, ಕಡಿಮೆ ಅಪಾಯದ ಮದ್ದು ಬೋರಿಕ್ ಆಸಿಡ್ ಮತ್ತು ಬೋರಾಕ್ಸ್. ಒಂದು ಪಾಲು ಬೋರಿಕ್ ಆಸಿಡ್‌ಗೆ ಒಂದೂವರೆ ಪಾಲು ಬೋರಾಕ್ಸ್. ಎರಡೂ ಸೇರಿ 50 ಗ್ರಾಂ ಆಗುವಷ್ಟನ್ನು ಒಂದು ಲೀಟರ್ ಬಿಸಿನೀರಿನಲ್ಲಿ ಕರಗಿಸಿ, ಪಾಲಿಶ್ ಇಲ್ಲದ ಬರಿ ಮರಕ್ಕೆ ಎರಡು ಮೂರು ಸಲ ಬಳಿಯಬೇಕು. ಪಾಲಿಶ್ ಮೇಲೆ ಬಳಿದರೆ ದಂಡ. ನೀರು ಬಿದ್ದರೆ ತೊಳೆದು ಹೋಗುವುದರಿಂದ ಅಂಗಳದ ಬೆಂಚಿಗೆ ಇದು ಒದಗದು. ಮಕ್ಕಳ ಕೈಗೆ ಸಿಗದಂತೆ ಇಡಿ.

ತಾತನ ಮಂಚ

ಹೊಸದನ್ನು ಕಟ್ಟುವುದಕ್ಕಿಂತ ಹಳೆಯದನ್ನು ಸರಿಮಾಡಿಕೊಳ್ಳುವುದರಲ್ಲೇ ನಿಜವಾದ ಲಾಭ ಎನ್ನುವುದು ನನ್ನ ಅಭಿಪ್ರಾಯ. ಹಳ್ಳಿ ಮನೆಯ ಅಟ್ಟದಲ್ಲಿ ಬಿದ್ದ ನವಾರಿನ ಮಂಚ, ಒಂದು ಕಾಲು ಅಲ್ಲಾಡುವ ಕೈಕುರ್ಚಿ, ಎಣ್ಣೆಬಣ್ಣ ಬಳಿದ ಗೋಡೆ ಕಪಾಟು. ಇವುಗಳ ಮರ ಅರ್ಧ ಶತಮಾನ ಒಣಗಿದೆ. ತಿರುಚುವುದಿದ್ದರೆ ಆಗಲೇ ತಿರುಚಿಕೊಂಡಾಗಿದೆ. ಅಂಥ ಮರ ಇವತ್ತು ಮಿಲ್ಲಿನಲ್ಲಿ ದುಡ್ಡು ಸುರಿದರೂ ಸುಲಭಕ್ಕೆ ಸಿಗದು. ಇದನ್ನೆಲ್ಲ ಗುಜರಿಗೆ ತೂಕಕ್ಕೆ ಹಾಕಿ ಕಂತಿನ ಮೇಲೆ ಪಾರ್ಟಿಕಲ್ ಬೋರ್ಡಿನ ವಾರ್ಡ್‌ರೋಬ್ ತರುವವರನ್ನು ಕಂಡಾಗ ಹೊಟ್ಟೆ ಉರಿಯುತ್ತದೆ. ಮರದ ಚೂರನ್ನು ಅಂಟಿನಲ್ಲಿ ಒತ್ತಿ ಮಾಡಿದ ಆ ಹಲಗೆ ನೆಲ ಒರೆಸುವ ನೀರು ಕುಡಿದು ಬುಡದಲ್ಲಿ ಊದಿದರೆ ಮುಗಿಯಿತು. ಒಮ್ಮೆ ಬಿಚ್ಚಿದ ಸ್ಕ್ರೂ ಅದೇ ತೂತಿನಲ್ಲಿ ಮತ್ತೆ ಹಿಡಿಯುವುದಿಲ್ಲ.

ಹಳೆಯ ಕುರ್ಚಿ ಅಲ್ಲಾಡುತ್ತಿದ್ದರೆ ಮೊಳೆ ಹೊಡೆಯಬೇಡಿ. ಹಳೆ ಕೆಲಸಗಳಲ್ಲಿ ಒಂದು ತುಂಡಿನ ತುದಿಯನ್ನು ನಾಲಿಗೆಯ ಆಕಾರಕ್ಕೆ ತೆಗೆದು ಇನ್ನೊಂದರ ತೂತಿಗೆ ಕೂರಿಸಿರುತ್ತಾರೆ. ಫೆವಿಕಾಲ್ ಮಾರುಕಟ್ಟೆಗೆ ಬಂದದ್ದು 1959ರಲ್ಲಿ. ಅದಕ್ಕೂ ಮುಂಚಿನ ಕುರ್ಚಿಯಾದರೆ ಒಳಗಿರುವುದು ಚರ್ಮ, ಮೂಳೆ ಬೇಯಿಸಿ ತೆಗೆದ ಅಂಟು. ಬಿಸಿನೀರಿನ ಬಟ್ಟೆ ಸುತ್ತಿಟ್ಟರೆ ಅದು ಮೆತ್ತಗಾಗುತ್ತದೆ, ಕೀಲು ಮುರಿಯದೆ ಬಿಚ್ಚಿಕೊಳ್ಳುತ್ತದೆ. ಹಳೆ ಅಂಟನ್ನು ಪೂರ್ತಿ ಕೆರೆದು, ಒಣಗಿಸಿ, ಹೊಸ ಅಂಟು ಹಚ್ಚಿ ಬಿಗಿಯಬೇಕು. ಕ್ಲ್ಯಾಂಪ್ ಇಲ್ಲವೆಂದರೆ ಹಗ್ಗವನ್ನು ಎರಡು ಸುತ್ತು ಸುತ್ತಿ, ನಡುವೆ ಕೋಲು ತೂರಿಸಿ ತಿರುಗಿಸಿ. ಮರುದಿನದವರೆಗೆ ಯಾರೂ ಕೂರಬಾರದು.

ಪಾಲಿಶ್ ಕಳೆಗುಂದಿದ್ದರೆ ಎಲ್ಲವನ್ನೂ ಕೆರೆದು ಹಾಕುವ ಆತುರ ಬೇಡ. ಕಾಣದ ಮೂಲೆಯಲ್ಲಿ ಸ್ಪಿರಿಟ್ ಅದ್ದಿದ ಬಟ್ಟೆ ಒಂದು ನಿಮಿಷ ಒತ್ತಿ ನೋಡಿ. ಅಂಟಂಟಾದರೆ ಅದು ಅರಗಿನ ಪಾಲಿಶ್. ಸ್ಪಿರಿಟ್‌ಗೆ ಜಗ್ಗದೆ ಥಿನ್ನರ್‌ಗೆ ಕರಗಿದರೆ ಲ್ಯಾಕರ್. ಎರಡಕ್ಕೂ ಜಗ್ಗದಿದ್ದರೆ ಎಣ್ಣೆಬಣ್ಣ ಇಲ್ಲವೇ ಪಿಯು (ಪಾಲಿಯುರೆಥೇನ್). ಅರಗಿನದಾದರೆ ನೀವು ಅದೃಷ್ಟವಂತರು. ಸ್ಪಿರಿಟ್ ಬಟ್ಟೆಯಿಂದ ಹಗುರಾಗಿ ಒರೆಸಿದರೆ ಹಳೆ ಪದರವೇ ಕರಗಿ ಮತ್ತೆ ಸಮವಾಗಿ ಕೂರುತ್ತದೆ. ಬಿಸಿ ಲೋಟ ಇಟ್ಟ ಬಿಳಿ ಉಂಗುರವೂ ಎಷ್ಟೋ ಸಲ ಹೋಗುತ್ತದೆ.

ಹಳೆಯ ಹಸಿರು, ಕೆಂಪು, ಹಳದಿ ಬಣ್ಣ ಬಳಿದ ಸಾಮಾನಿಗೆ ಮಾತ್ರ ಎಚ್ಚರಿಕೆ ಬೇಕು. ಗೃಹಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದು ಎಂಬ ಕೇಂದ್ರದ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್ 1ರಿಂದ. ಅದಕ್ಕೂ ಹಿಂದಿನ ಬಣ್ಣದಲ್ಲಿ ಸೀಸ ಇದ್ದೀತು. ಒಣಗಿದ ಬಣ್ಣ ಉಜ್ಜಿದರೆ ಆ ಧೂಳು ಮನೆಯ ಮಕ್ಕಳ ಹೊಟ್ಟೆಗೆ ಹೋಗುತ್ತದೆ. ನೀರು ಚಿಮುಕಿಸಿ ಒದ್ದೆ ಕಾಗದದಿಂದ ಉಜ್ಜಿ. ಇಲ್ಲವೇ ಪೇಂಟ್ ರಿಮೂವರ್ ಬಳಿದು ಚಪ್ಪಟೆ ಪಟ್ಟಿಯಿಂದ ಕೆರೆಯಿರಿ. ಬಸುರಿ, ಬಾಣಂತಿ, ಕೂಸುಗಳಿರುವ ಮನೆಯಲ್ಲಿ ಈ ಕೆಲಸ ಹೊರಗಡೆ ನಡೆಯಲಿ.

ಬರಿ ಮರಕ್ಕೆ ಉಪ್ಪುಕಾಗದ 80ರಿಂದ ಶುರುಮಾಡಿ 120, 180, 220ಕ್ಕೆ ಏರಬೇಕು. ನಡುವೆ ಹಾರಿದರೆ ಹಿಂದಿನ ಕಾಗದದ ಗೀರು ಪಾಲಿಶ್ ಬಿದ್ದ ಮೇಲೆ ಎದ್ದು ಕಾಣುತ್ತದೆ. ಕೈ ಮರದ ಎಳೆಯ ದಿಕ್ಕಿಗೇ ಆಡಬೇಕು, ಅಡ್ಡಕ್ಕಲ್ಲ. ಕೊನೆಯ ಕಾಗದಕ್ಕೆ ಮುಂಚೆ ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸಿ ಒಣಗಿಸಿ. ಮಲಗಿದ್ದ ನವಿರೆಲ್ಲ ಎದ್ದು ನಿಲ್ಲುತ್ತದೆ. ಅದನ್ನೂ ಉಜ್ಜಿದರೆ ಹಲಗೆ ಕೆನ್ನೆಗೆ ಒತ್ತಿಕೊಳ್ಳುವಷ್ಟು ನುಣುಪು.

ಅರಗೋ, ಎಣ್ಣೆಯೋ, ಪಿಯುವೋ

ಚನ್ನಪಟ್ಟಣದ ಗೊಂಬೆಗೆ ಬಣ್ಣ ಕೊಡುವ ಅರಗೇ ನಮ್ಮ ಹಳೆ ಮಂಚ, ಕುರ್ಚಿಗಳ ಪಾಲಿಶ್. ಮರದ ಕೊಂಬೆಯ ಮೇಲೆ ಪುಟ್ಟ ಕೀಟ ಸುರಿಸುವ ಅಂಟನ್ನು ಶುದ್ಧಿ ಮಾಡಿ ಹಪ್ಪಳದ ಚೂರಿನಂತೆ ಮಾರುತ್ತಾರೆ, ಅಂಗಡಿಯಲ್ಲಿ 'ಚಪಡಾ' ಎಂದು ಕೇಳಬೇಕು. ಒಂದು ಲೀಟರ್ ಸ್ಪಿರಿಟ್‌ಗೆ ಸುಮಾರು 150 ಗ್ರಾಂ ಹಾಕಿ ರಾತ್ರಿಯಿಡೀ ಬಿಟ್ಟು, ಬಟ್ಟೆಯಲ್ಲಿ ಸೋಸಿ. ಹತ್ತಿಯನ್ನು ಹಳೆ ಪಂಚೆಯ ತುಂಡಿನಲ್ಲಿ ಉಂಡೆ ಕಟ್ಟಿ ಅದ್ದಿ, ತೆಳ್ಳಗೆ, ನಿಲ್ಲಿಸದೆ ಒರೆಸುತ್ತಾ ಹೋಗಬೇಕು. ನಿಂತರೆ ಕಲೆ. ಒಂದು ಪದರ ಅರ್ಧ ಗಂಟೆಯಲ್ಲಿ ಒಣಗುತ್ತದೆ, ಹತ್ತು ಪದರ ಹಾಕಿದರೂ ಹೆಚ್ಚಲ್ಲ. ಅಗ್ಗ, ಸುಲಭ, ಕೆಟ್ಟರೆ ಮತ್ತೆ ಹಚ್ಚಬಹುದು. ನೀರು, ಬಿಸಿ ಎರಡಕ್ಕೂ ಹೆದರುತ್ತದೆ ಎನ್ನುವುದೊಂದೇ ಕೊರತೆ. ಆದ್ದರಿಂದ ಊಟದ ಮೇಜಿಗೆ ಬೇಡ. ಸ್ಪಿರಿಟ್ ವಿಷ, ಬೆಂಕಿಗೂ ಬಲು ಬೇಗ ತಗುಲುತ್ತದೆ. ಒಲೆ ಉರಿಯುವ ಮನೆಯೊಳಗೆ ಈ ಕೆಲಸ ಹಿಡಿಯಬೇಡಿ.

ಎಣ್ಣೆ ಹಚ್ಚುವವರು ಅಡುಗೆಮನೆಯ ಡಬ್ಬಿಗೆ ಕೈ ಹಾಕದಿರಲಿ. ಕೊಬ್ಬರಿ, ಕಡಲೆಕಾಯಿ, ಹೊಂಗೆ ಎಣ್ಣೆಗಳು ಮರದ ಮೇಲೆ ಗಟ್ಟಿಯಾಗುವುದಿಲ್ಲ, ಧೂಳು ಹಿಡಿದು ಜಿಡ್ಡಾಗುತ್ತವೆ. ಅಗಸೆ ಎಣ್ಣೆ ಮಾತ್ರ ಗಾಳಿಯ ಆಮ್ಲಜನಕ ಹೀರಿ ಪದರಗಟ್ಟುತ್ತದೆ. ಬಣ್ಣದಂಗಡಿಯಲ್ಲಿ 'ಬಾಯಿಲ್ಡ್ ಲಿನ್ಸೀಡ್' ಎಂದು ಕೇಳಿ. ಹಚ್ಚಿ, ಕಾಲು ಗಂಟೆ ಬಿಟ್ಟು, ಮಿಕ್ಕದ್ದನ್ನು ಒರೆಸಿಬಿಡಿ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಗಟ್ಟಿಯಾಗುವಾಗ ಎಣ್ಣೆ ಬಿಸಿಯಾಗುತ್ತದೆ, ಮುದ್ದೆಯೊಳಗಿನ ಬಿಸಿ ಹೊರಗೆ ಹೋಗದೆ ಬಟ್ಟೆ ತಾನಾಗಿ ಹೊತ್ತಿಕೊಂಡು ಮನೆಗೇ ಬೆಂಕಿ ಬೀಳಬಹುದು. ಬಿಡಿಸಿ ಹಗ್ಗದ ಮೇಲೆ ಒಣಹಾಕಿ, ಇಲ್ಲವೇ ನೀರಿನಲ್ಲಿ ಮುಳುಗಿಸಿಡಿ.

ಮೆಲಮೈನ್, ಪಿಯು ಗಟ್ಟಿ, ನೀರಿಗೂ ಜಗ್ಗವು. ಆದರೆ ಸ್ಪ್ರೇ ಗನ್, ಮುಖವಾಡ, ಧೂಳಿಲ್ಲದ ಜಾಗ ಕೇಳುತ್ತವೆ. ಮನೆಯವರಿಗೆ ಬ್ರಷ್ಷಿನಲ್ಲಿ ಹಚ್ಚುವ ನೀರಿನ ಆಧಾರದ ಪಿಯು ಸಾಕು.

ಆಚಾರಿಗೆ ಬಿಡಬೇಕಾದ್ದು

1974ರಲ್ಲಿ ಇಟಲಿಯ ವಿನ್ಯಾಸಕಾರ ಎಂಜೊ ಮಾರಿ, ಬರಿ ಹಲಗೆ, ಮೊಳೆ, ಸುತ್ತಿಗೆಯಿಂದ ಯಾರು ಬೇಕಾದರೂ ಮಾಡಿಕೊಳ್ಳಬಹುದಾದ ಮೇಜು, ಕುರ್ಚಿ, ಮಂಚಗಳ ನಕ್ಷೆಗಳನ್ನು ಪ್ರಕಟಿಸಿ, ಅಂಚೆ ವೆಚ್ಚ ಕಳಿಸಿದವರಿಗೆಲ್ಲ ಹಂಚಿದ. ಮಾಡಿ ನೋಡಿದವನಿಗೆ ಒಳ್ಳೆಯ ಕೆಲಸ ಯಾವುದೆಂದು ಕಣ್ಣು ತೆರೆಯುತ್ತದೆ ಎನ್ನುವುದು ಅವನ ತರ್ಕ. ನಮ್ಮೂರಿಗೂ ಅದು ಒಪ್ಪುತ್ತದೆ. ಬೆಂಚು, ಹಲಗೆ ಸ್ಟ್ಯಾಂಡು, ಮಣೆ ಇಂಥವನ್ನು ಮನೆಯವರೇ ಮಾಡಲಿ. ಡ್ರಾಯರ್, ಕದ, ಕುರ್ಚಿ ಇವಕ್ಕೆ ಕೈ ಪಳಗಿರಬೇಕು. ಕುರ್ಚಿಯಂತೂ ನೋಡಲು ಸಣ್ಣದು, ಮಾಡಲು ಎಲ್ಲಕ್ಕಿಂತ ಕಷ್ಟ. ಅದರಲ್ಲಿ ನೆಟ್ಟಗಿರುವ ಮೂಲೆಯೇ ಕಡಿಮೆ.

ಒಂದು ಕಾಲಕ್ಕೆ ಹಳ್ಳಿಯ ಬಡಗಿ ಆಯಗಾರರಲ್ಲಿ ಒಬ್ಬ. ಸುಗ್ಗಿಯಲ್ಲಿ ಮನೆಮನೆಯಿಂದ ಕಾಳು ಬರುತ್ತಿತ್ತು, ವರ್ಷವಿಡೀ ನೇಗಿಲು, ಗಾಡಿ, ಕದದ ಕೆಲಸ ಮಾಡಿಕೊಡುತ್ತಿದ್ದ. ಈಗ ದಿನಗೂಲಿ ಇಲ್ಲವೇ ಗುತ್ತಿಗೆ. 2023ರ ಸೆಪ್ಟೆಂಬರ್‌ನಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಬಡಗಿಗಳಿಗೆ ತರಬೇತಿ, ಸಲಕರಣೆಗೆ 15,000 ರೂಪಾಯಿ, ಶೇ 5ರ ಬಡ್ಡಿಯಲ್ಲಿ ಸಾಲ ಇದೆ. ಆದರೂ ಪ್ಲೈವುಡ್, ಮೈಕಾ ಕೆಲಸದಲ್ಲೇ ಕೈತುಂಬ ದುಡಿಮೆ ಇರುವಾಗ ಹಳೆ ಕುರ್ಚಿಯ ಕೀಲು ಬಿಚ್ಚಲು ಬರುವ ಆಚಾರಿ ಸಿಗುವುದು ಕಷ್ಟವೇ. ಸಿಕ್ಕರೆ ಬಿಡಬೇಡಿ.

ಅವರ ಹತ್ತಿರ ಹೋಗುವಾಗ ಚಿತ್ರ ಬರೆದು, ಅಂಗುಲದಲ್ಲಿ ಅಳತೆ ಹಾಕಿ ಒಯ್ಯಿರಿ. ಕೊಯ್ಯುವುದು, ಕೀಲು ಕೂರಿಸುವುದು ಅವರದು, ಉಜ್ಜುವುದು ಮತ್ತು ಪಾಲಿಶ್ ನಮ್ಮದು ಎಂದು ಮೊದಲೇ ಹೇಳಿದರೆ ಗುತ್ತಿಗೆಯ ಮೊತ್ತ ತಕ್ಕಮಟ್ಟಿಗೆ ಇಳಿಯುತ್ತದೆ. ಆಗ ಒಳ್ಳೆಯ ಆಚಾರಿ ಒಂದು ಷರತ್ತು ಹಾಕುತ್ತಾನೆ: "ಜೋಡಿಸೋಕೆ ಮುಂಚೆ ಒಂದ್ಸಲ ಬಂದು ತುಂಡುಗಳ್ನೆಲ್ಲ ಉಜ್ಜಿಟ್ಬಿಡಿ ಸಾರ್, ಆಮೇಲೆ ಸಂದಿಗೆ ಕೈ ಹೋಗಲ್ಲ."